ಹೊಗೆಕಿಂಡಿಯ ಮುಚ್ಚಳ

ಇರ್ಬಿದ್, ಜೋರ್ಡಾನ್

ಮನೆ ಮಾಲೀಕರಾದ ಅಬು ಸಾಹಿರ್ ಅವರಿಗೆ ಸಲಾಂ.

ಗೋಡೆಯೊಳಗೆ ಬಿಸಿನೀರಿನ ಪೈಪು ಹಾಯಿಸಿ ಮನೆ ಬೆಚ್ಚಗಾಗಿಸುತ್ತೇನೆಂದು ನೀವು ಪ್ರತಿ ಚಳಿಗಾಲವೂ ಹೇಳುತ್ತಿದ್ದಿರಿ. ನನ್ನ ಗಂಡ ಒಪ್ಪುತ್ತಿರಲಿಲ್ಲ. "ಒಲೆ ಆದ್ರೆ ನಮ್ಮೂರು ಹೊಮ್ಸ್‌ಗೆ ವಾಪಸ್ ಹೋಗೋವಾಗ ಹೊತ್ಕೊಂಡು ಹೋಗ್ಬಹುದು ಕಣೇ. ಗೋಡೆ ಕಿತ್ಕೊಂಡು ಹೋಗಕ್ಕಾಗತ್ತಾ?" ಎನ್ನುತ್ತಿದ್ದರು. ಕೋಣೆ ಕಾಯಿಸುವ ಆ ಡೀಸೆಲ್ ಒಲೆಯ ಹೊಗೆ ಕುಡಿದು ಅವರ ಎದೆ ಹಾಳಾಯಿತು. ಈಗ ಅದನ್ನು ಹೇಳಿ ಪ್ರಯೋಜನವಿಲ್ಲ.

ಮೊನ್ನೆ ಗಡಿಯಾಚೆಯ ಊರಿನಿಂದ ನೆಂಟರೊಬ್ಬರು ಅಲ್ಲಿನ ನಮ್ಮ ಮನೆಯ ಫೋಟೊ ಕಳಿಸಿದರು. ಗೋಡೆಗಳು ನಿಂತಿವೆ. ನಮ್ಮ ಹೊಗೆಕಿಂಡಿಯಿಂದ ಹೊಗೆ ಬರುತ್ತಿದೆ; ಯಾರೋ ಸೇರಿಕೊಂಡಿದ್ದಾರೆ. ಅದನ್ನು ನೋಡಿ ನನ್ನ ಗಂಡ ಬೈಯುತ್ತಾರೆಂದು ಕಾದೆ. "ಅಂಗಳದಲ್ಲಿ ಮಕ್ಕಳ ಬಟ್ಟೆ ಒಣಗ್ತಿದೆ ನೋಡು. ಇರ್ಲಿ ಬಿಡು, ಈ ಚಳೀಲಿ ಎಲ್ಲಿಗೆ ಹೋಗ್ತಾರೆ?" ಎಂದರು. ಫೋನ್ ನನ್ನ ಕೈಗೆ ಕೊಟ್ಟು, "ಮಾಲೀಕರಿಗೆ ಬರೆದುಬಿಡು, ಪೈಪ್ ಹಾಕಿಸ್ಲಿ" ಎಂದರು.

ಕೆಲಸದವರನ್ನು ಕಳಿಸಿ. ಧೂಳು ತಾಗದಂತೆ, ಇವರು ಆಸ್ಪತ್ರೆಗೆ ಹೋಗುವ ದಿನ ಗೋಡೆ ಕೊರೆದರೆ ಒಳ್ಳೆಯದು.

ಒಲೆ ತೆಗೆದ ಮೇಲೆ ಉಳಿಯುವ ಕಿಂಡಿಗೆ ಸಿಮೆಂಟ್ ಮೆತ್ತುವುದು ಬೇಡ. ಚಳಿ ಮುಗಿದು ಒಲೆ ಎತ್ತಿಟ್ಟಾಗ ಇಂಥ ಕಿಂಡಿಗೆ ಹಾಕುವ ತಗಡಿನ ಮುಚ್ಚಳ ನನ್ನ ಬಳಿ ಇದೆ. ಯುದ್ಧದಲ್ಲಿ ಓಡಿಬರುವಾಗ ನಮ್ಮ ಮನೆಯದನ್ನು ಚೀಲಕ್ಕೆ ಹಾಕಿಕೊಂಡಿದ್ದೆ, ಬೇಸಿಗೆಯೊಳಗೆ ಮರಳುತ್ತೇವೆಂದು. ಅಳತೆ ನೋಡಿದೆ. ನಿಮ್ಮ ಗೋಡೆಗೂ ಸರಿಯಾಗಿ ಕೂರುತ್ತದೆ.

ಇತಿ,
ಮೇಲಿನ ಮಹಡಿಯ ಉಮ್ ಕಿನಾನ್