ಕಾದಂಬರಿಯಲ್ಲಿ ಇಲ್ಲದ ದೃಶ್ಯ

ಹಾರ್ಲಿಂಗನ್,
6 ಅಕ್ಟೋಬರ್ 2009

ಪ್ರೀತಿಯ ವಿಟ್ಸ್ಕೆ,

ನೀನು ಕಾದಂಬರಿಯಿಂದ ಮಾಡಿದ ಐದನೆಯ ಚಲನಚಿತ್ರಕ್ಕೆ ಉಟ್ರೆಕ್ಟ್‌ನಲ್ಲಿ ಬಹುಮಾನ ಬಂದಿದೆ. ಮೊದಲು ಹೇಳಿದವಳು ಬೇಕರಿಯ ಬೌಕ್ಯೆ. ಆಮೇಲೆ ಪತ್ರಿಕೆಯ ಮೂರನೆಯ ಪುಟದಲ್ಲಿ ನಿನ್ನ ಫೋಟೊ ಸಮೇತ ನಾನೇ ಓದಿದೆ. ಚೆನ್ನಾಗಿದ್ದೀಯಲ್ಲ? ಚಿತ್ರ ನೋಡಿ ಮೂರು ವಾರವಾದರೂ ನಾನು ಬರೆಯಲಿಲ್ಲ, ಫೋನೂ ಮಾಡಲಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಕಾರಣ ಕೊನೆಗೆ ಹೇಳುತ್ತೇನೆ.

ಊರಿನಲ್ಲಿ ಕಂಡವರೆಲ್ಲ ನನ್ನ ಕೈ ಕುಲುಕುತ್ತಿದ್ದಾರೆ. "ಮೂವತ್ತೊಂದು ವರ್ಷ ಹಡಗು ಬಂದಾಗಲೆಲ್ಲ ಸೇತುವೆ ಎತ್ತಿ ಇಳಿಸಿದ್ರಿ ಶೂರ್ಡ್ ಮಾಮ, ಒಬ್ರಾದ್ರೂ ಅಭಿನಂದನೆ ಅಂದ್ರಾ? ಈಗ ಮಗಳ ದೆಸೆಯಿಂದ ನೋಡಿ!" ಎಂದು ನಕ್ಕ ಬೌಕ್ಯೆ ಒಂದು ಸಕ್ಕರೆ ಬ್ರೆಡ್ಡು ಸುಮ್ಮನೆ ಕೊಟ್ಟಳು. ಗ್ರಂಥಾಲಯದ ಟ್ಯಾಮೆ ಮೇಡಂ ಹೇಳಿದ್ದು ಬೇರೆ: "ಕಾದಂಬರೀಲಿ ಇರೋದನ್ನ ನಿಮ್ಮ ಮಗಳು ಬಿಟ್ಟಿರಬಹುದು. ಇಲ್ಲದ್ದನ್ನ ಮಾತ್ರ ಇವತ್ತಿನವರೆಗೆ ಸೇರಿಸಿಲ್ಲ. ಅದಕ್ಕೇ ಓದುವವರು ಅವಳನ್ನ ನಂಬ್ತಾರೆ." ಆ ಮಾತನ್ನು ನಾನು ಮೂವರಿಗಾದರೂ ಹೇಳಿರಬೇಕು.

ಅಮ್ಮ ಹೋದ ಮೇಲೆ ನೀನು ಶಾಲೆ ಬಿಟ್ಟೊಡನೆ ಸೇತುವೆಯ ಕೋಣೆಗೆ ಬಂದು, ನನಗೆ ಕೇಳುವಂತೆ ಜೋರಾಗಿ ಓದುತ್ತಿದ್ದೆ. ದೋಣಿ ಬಂದರೆ ಸಾಲಿನ ಮೇಲೆ ಬೆರಳಿಟ್ಟು, ಸೇತುವೆ ಇಳಿಯುವವರೆಗೂ ಕಾಯುತ್ತಿದ್ದೆ. ಒಂದು ಸಾಲೂ ಹಾರಿಸುತ್ತಿರಲಿಲ್ಲ. ಹನ್ನೊಂದು ವರ್ಷದ ಆ ಹುಡುಗಿಯೇ ಇವತ್ತಿನ ನಿರ್ದೇಶಕಿ ಎಂದು ನನ್ನನ್ನು ಬಿಟ್ಟರೆ ಯಾರಿಗೆ ಗೊತ್ತು?

ನಿನಗೆ ಇನ್ನೂ ಒಳ್ಳೆಯ ಕಾದಂಬರಿಗಳು ಸಿಗಲಿ, ಕೆಲಸ ಹೀಗೇ ನಡೆಯಲಿ. ನಿನ್ನಮ್ಮ ಇದ್ದಿದ್ದರೆ ಬೀದಿಗೆಲ್ಲ ಕಾಫಿ ಕೊಡುತ್ತಿದ್ದಳು.

ನಿನ್ನ ಅಪ್ಪ,
ಶೂರ್ಡ್

ಮರೆತದ್ದಲ್ಲ, ಮೇಲೆ ಬರೆಯಲಾಗದ್ದು: ನಿನ್ನ ಚಿತ್ರದಲ್ಲಿ ಹೆಂಡತಿ ಸಾಯುತ್ತಿರುವಾಗ ಗಂಡ ಆಸ್ಪತ್ರೆಯ ಹೊರಗೆ ನಿಂತು ಸೈಕಲ್ಲಿಗೆ ಬೀಗ ಹಾಕುತ್ತಾನೆ, ತೆಗೆಯುತ್ತಾನೆ, ಮತ್ತೆ ಹಾಕುತ್ತಾನೆ. ಆ ದೃಶ್ಯ ಕಾದಂಬರಿಯಲ್ಲಿ ಇಲ್ಲ. ಗ್ರಂಥಾಲಯದಿಂದ ತಂದು ಎರಡು ಸಲ ಓದಿದೆ. ಮೂರು ವಾರ ಹೋದದ್ದು ಅದರಲ್ಲೇ.

ಹಡಗು ಬಂದು ಸೇತುವೆ ತೆರೆಯಬೇಕಾಯಿತು, ಅದಕ್ಕೇ ತಡವಾಯಿತು ಎಂದು ಅಮ್ಮ ಹೋದ ದಿನ ನಿನಗೆ ಹೇಳಿದ್ದೆ. ಯಾವ ಹಡಗೂ ಬಂದಿರಲಿಲ್ಲ. ಒಳಗೆ ಬರಲು ಹೆದರಿ ನಲವತ್ತು ನಿಮಿಷ ಹೊರಗೇ ನಿಂತಿದ್ದೆ. ನೀನು ಆಸ್ಪತ್ರೆಯ ಕಿಟಕಿಯಿಂದ ನೋಡಿದ್ದೆ ಎಂದು ಈಗ ತಿಳಿಯಿತು. ಇಪ್ಪತ್ತೆಂಟು ವರ್ಷ ನೀನು ಏನೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತೂಕಾಲರ ರೈಲಿಗೆ ಹೊರಡುತ್ತೇನೆ. ಮಧ್ಯಾಹ್ನ ಒಂದು ಗಂಟೆಗೆ ಆಮ್‌ಸ್ಟರ್‌ಡ್ಯಾಮ್ ನಿಲ್ದಾಣದಲ್ಲಿರುತ್ತೇನೆ.