ಚಾಲಕ ಎಂದು ಬರೆದೆ

ಮಾರ್ಚ್ 4, ಮಂಗಳವಾರ

ಆಸ್ಪತ್ರೆಯ ಕೌಂಟರಿನಲ್ಲಿ ಇವತ್ತು ನೂರಾ ಹನ್ನೆರಡು ಜನ. ಎಲ್ಲರಿಗೂ ಅವೇ ನಾಲ್ಕು ಪ್ರಶ್ನೆ. ಹೆಸರು, ವಯಸ್ಸು, ವಿಳಾಸ, ಪೇಷೆಂಟಿಗೆ ನೀವೇನಾಗಬೇಕು. ನಾಲ್ಕನೆಯದಕ್ಕೆ ಒಬ್ಬ ತಡವರಿಸಿದ. ಹಿಂದೆ ತುಂಬು ಬಸುರಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾಳೆ, ಇವನು ನೆಲ ನೋಡುತ್ತ "ಅದು... ಗೊತ್ತಿರೋರು" ಅನ್ನುತ್ತಾನೆ.

"ಗೊತ್ತಿರೋರು ಅಂತ ಕಾಲಂ ಇಲ್ಲ ಸ್ವಾಮಿ. ಗಂಡನೋ, ಅಣ್ಣನೋ, ಯಾರು?" ಅಂದೆ. ಸ್ವಲ್ಪ ಜೋರಾಗಿಯೇ. ಸಾಲಿನಲ್ಲಿದ್ದವರು ನಕ್ಕರು. ಅವನ ಕಿವಿ ಕೆಂಪಾಯಿತು. "ಗಂಡ" ಅಂದ. ಆ ಹುಡುಗಿ ತಲೆಯೆತ್ತಿ ಅವನನ್ನೇ ನೋಡಿದಳು. ಆ ಪದ ಮೊದಲ ಸಲ ಕೇಳಿಸಿಕೊಂಡಳೋ ಏನೋ. ಸೀಲ್ ಒತ್ತಿ ಕಳಿಸಿದೆ.

ಸಂಜೆ ಕನ್ನಡಕದ ಅಂಗಡಿಗೆ ಹೋದೆ. ಎರಡು ವರ್ಷದ ಹಿಂದೆ ಓದುವ ಕನ್ನಡಕ ಮಾಡಿಸಲು ಹೋದವಳು, ಇನ್ನೂ ಹೋಗುತ್ತಲೇ ಇದ್ದೇನೆ. ಅಂಗಡಿಯವನನ್ನು ಈ ಡೈರಿಯಲ್ಲಿ 'ಕನ್ನಡಕ' ಅಂತಲೇ ಬರೆಯುವುದು ರೂಢಿ. ಅವನಿಗೆ ಗೊತ್ತಿಲ್ಲ, ಗೊತ್ತಾದರೆ ತಿಂಗಳುಗಟ್ಟಲೆ ಕಾಡುತ್ತಾನೆ.

ಅತ್ತೆಯ ಫೋನಿನ ವಿಷಯ ಹೇಳಿದೆ. ಶುಕ್ರವಾರ ಬಲಗಣ್ಣಿನ ಪೊರೆ ಆಪರೇಷನ್. ಮೊದಲ ನಾಲ್ಕೈದು ದಿನ ಡ್ರಾಪ್ಸ್ ಹಾಕಲು ಯಾರಾದರೂ ಬೇಕು. ಯಾರಾದರೂ ಅಂದರೆ ನಾನೇ. ಅವರ ಮಗ, ಅಂದರೆ ನನ್ನ ಗಂಡ, ತೀರಿಹೋಗಿ ಆರು ವರ್ಷ. ಅವರಿಗೆ ಬೇರೆ ಯಾರಿದ್ದಾರೆ? ಗಡಿ ದಾಟಿ ಇನ್ನೂರು ಕಿಲೋಮೀಟರ್.

"ನಾನೂ ಬರ್ತೀನಿ," ಅಂದ, ಫ್ರೇಮ್ ಒರೆಸುತ್ತ. "ಎಷ್ಟು ದಿನ ಅಂತ ಬಚ್ಚಿಡ್ತೀಯ? ನಾನೇನು ಕದ್ದ ಮಾಲಾ?"

ಬಾ ಅಂದೆ. ಈ ಸಲ ಅತ್ತೆಗೆ ಹೇಳಿಬಿಡುತ್ತೇನೆ. ಮಾತು ಕೊಟ್ಟಿದ್ದೇನೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ 1.20

ಗಡಿ. ಮುಂದೆ ಲಾರಿಗಳ ತಪಾಸಣೆ. ಸಾಲು ಮಿಸುಕಾಡುತ್ತಿಲ್ಲ, ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ.

ಒಂದು ತಮಾಷೆ ನಡೆಯಿತು. ಗಾಡಿ ನನ್ನದು, ಹಾಗಾಗಿ ಫಾರಂ ನಾನೇ ತುಂಬಬೇಕು. ಜೊತೆಯಲ್ಲಿರುವವರ ಸಂಬಂಧ—ಖಾಲಿ ಗೆರೆ. ಪೆನ್ನು ನಿಂತಿತು. ಕಿಟಕಿಯ ಗುಮಾಸ್ತ ನನ್ನ ಧಾಟಿಯಲ್ಲೇ ಕೇಳಿದ. "ಗಂಡನಾ? ಅಲ್ಲ. ಅಣ್ಣ ತಮ್ಮ? ಅಲ್ಲ. ಡ್ರೈವರಾ? ಇಲ್ಲಾಂದ್ರೆ ಇತರೆ. ಇತರೆ ಎಲ್ಲಾ ಆರನೇ ಕಿಟಕಿ." ಆರನೇ ಕಿಟಕಿಯ ಸಾಲು ಶೌಚಾಲಯ ದಾಟಿ ಮರದ ತನಕ ಹೋಗಿತ್ತು. ನಾವೂ ಹೀಗೇ ಮಾಡುವುದು. ಕಾಲಮ್ಮಿಗೆ ಬಗ್ಗದವರನ್ನು ಪಕ್ಕದ ಕಿಟಕಿಗೆ ಸಾಗಹಾಕಿ ಕೈತೊಳೆದುಕೊಳ್ಳುತ್ತೇವೆ.

'ಚಾಲಕ' ಎಂದು ಬರೆದೆ. ಮುಂದಿನ ಗಾಜಿಗೆ 'ಚಾಲಕ ಸಹಿತ' ಎಂಬ ಹಳದಿ ಚೀಟಿ ಅಂಟಿಸಿದರು.

ಕನ್ನಡಕ ಬಿದ್ದು ಬಿದ್ದು ನಕ್ಕ. ಲೈಸೆನ್ಸ್ ಸಿಕ್ಕಿ ಎಂಟು ತಿಂಗಳು, ಅದೂ ಮೂರನೇ ಪ್ರಯತ್ನಕ್ಕೆ. ಇಲ್ಲಿಯ ತನಕ ಓಡಿಸಿದ್ದು ನಾನು. ಚೀಟಿ ಇದೆಯಲ್ಲ, ಇನ್ನು ಅವನೇ ಕೂರಬೇಕು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ—"ಎಲ್ಲಿಗೆ ಮೇಡಂ?"

ನಗು ತಡೆಯಲಾಗುತ್ತಿಲ್ಲ.

ಮಾರ್ಚ್ 7, ಶುಕ್ರವಾರ. ಬೆಳಗ್ಗೆ 6.30

ನಿನ್ನೆ ಸಂಜೆಯದು ಬರೆಯಲೇಬೇಕು. ಬರೆಯಲು ಕೈ ಬರುತ್ತಿಲ್ಲ.

ಅತ್ತೆ ಗೇಟಿನ ತನಕ ಇಳಿದು ಬಂದಿದ್ದರು. ಮೂರನೇ ಮಹಡಿಯಿಂದ, ಕೋಲು ಹಿಡಿದು. ಮೂವತ್ತು ವರ್ಷ ಗಣಿತ ಕಲಿಸಿದವರು, ಇನ್ನೂ ಮೆಟ್ಟಿಲು ಎಣಿಸಿಕೊಂಡೇ ಇಳಿಯುತ್ತಾರೆ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. "ಮಗನ ಮುಖಾನೇ ನೋಡಿದ ಹಾಗಾಯ್ತು ಕಣೇ" ಅಂದರು. ಆಮೇಲೆ ನನ್ನ ಹಿಂದೆ ನೋಡಿ, "ಯಾರೇ ಅದು?"

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅತ್ತೆ, ಇವರು ನನಗೆ ಬೇಕಾದವರು. ಅಷ್ಟೇ, ನಾಲ್ಕು ಪದ. ಆ ಕೈ ಇನ್ನೂ ನನ್ನ ಕೆನ್ನೆಯ ಮೇಲಿತ್ತು.

"ಡ್ರೈವರ್ ಅತ್ತೆ."

ಅವನ ಕೈಯಲ್ಲಿ ನನ್ನ ಸೂಟ್‌ಕೇಸ್. ಒಂದು ಕ್ಷಣ ನನ್ನನ್ನು ನೋಡಿದ. "ನಮಸ್ಕಾರ ಅಮ್ಮ" ಅಂದ.

ಕೆಳಗೆ ವಾಚ್‌ಮನ್ ರೂಮಿನಲ್ಲಿ ಮಂಚ ಇದೆ, ಅಲ್ಲೇ ಮಲಗಲಿ ಅಂದರು ಅತ್ತೆ. ಊಟ ಕ್ಯಾರಿಯರಿನಲ್ಲಿ. ತೆಗೆದುಕೊಂಡು ಹೋದವಳು ನಾನು. ಕಬ್ಬಿಣದ ಮಂಚ, ಗೋಡೆಗೆ ಒರಗಿಸಿದ ಪೊರಕೆಗಳು, ನೀರಿನ ಪಂಪಿನ ಸ್ವಿಚ್ಚು.

"ನಾಳೆ ಆಪರೇಷನ್. ಈಗ ಹೇಳಿದ್ರೆ ಬಿಪಿ ಏರತ್ತೆ. ಮುಗೀಲಿ, ಹೇಳ್ತೀನಿ."

"ಸರಿ. ಮುಗೀಲಿ" ಅಂದ. ಕ್ಯಾರಿಯರ್ ಬಿಚ್ಚಿ, "ಡ್ರೈವರಿಗೆ ಉಪ್ಪಿನಕಾಯಿ ಇಲ್ವಾ?" ಅಂತ ನಗಿಸಲು ನೋಡಿದ. ನನಗೆ ನಗು ಬರಲಿಲ್ಲ.

ಮಾರ್ಚ್ 8, ಶನಿವಾರ

ನಿನ್ನೆ ಆಪರೇಷನ್ ಸುಸೂತ್ರ. ವಾಪಸು ಬರುವಾಗ ಗೇಟಿನ ಕಂಬಕ್ಕೆ ಗಾಡಿ ಉಜ್ಜಿದ. ಹಿಂದಿನ ಸೀಟಿನಲ್ಲಿ ಅತ್ತೆ, ಒಂದು ಕಣ್ಣಿಗೆ ಪಟ್ಟಿ.

"ಎಷ್ಟು ವರ್ಷದ ಸರ್ವಿಸಪ್ಪ?"

"ಎಂಟು ತಿಂಗಳಮ್ಮ."

"ಇಂಥವನನ್ನ ಎಲ್ಲಿಂದ ಹುಡುಕ್ಕೊಂಡು ಬಂದ್ಯೇ?" ಅತ್ತೆ ನನ್ನ ಕಡೆ ತಿರುಗಿದರು. ನಾನು ಕಿಟಕಿಯಾಚೆ ನೋಡಿದೆ.

ಇವತ್ತು ಮಧ್ಯಾಹ್ನ ಅವರ ಹಳೆಯ ಕನ್ನಡಕದ ಕಡ್ಡಿ ಕಳಚಿಬಿತ್ತು. ಔಷಧಿ ಕೊಡಲು ಮೇಲೆ ಬಂದಿದ್ದವನು ತಡೆದುಕೊಳ್ಳಬೇಕಲ್ಲ. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರಿನ ಚೀಲ ತೆಗೆದ, ಒಂದೇ ನಿಮಿಷದಲ್ಲಿ ಕೂರಿಸಿ, ಅತ್ತೆಯ ಮೂಗಿನ ಮೇಲೆ ಇಟ್ಟು ನೋಡಿ, ಕಿವಿಯ ಹತ್ತಿರ ಕೊಂಚ ಬಗ್ಗಿಸಿ ಕೊಟ್ಟ.

"ಡ್ರೈವರ್ ಜೇಬಲ್ಲಿ ಇದೆಲ್ಲಾ ಯಾಕಪ್ಪಾ?"

"ಹಿಂದೆ ಒಂದು ಕನ್ನಡಕದ ಅಂಗಡೀಲಿದ್ದೆ ಅಮ್ಮ."

ಹಿಂದೆ ಅಂದ. ಹತ್ತೊಂಬತ್ತು ವರ್ಷ ಬೆವರು ಸುರಿಸಿ ಕಟ್ಟಿದ ಸ್ವಂತ ಅಂಗಡಿ. ನನ್ನ ಮರ್ಯಾದೆ ಉಳಿಸಲು ಅದನ್ನೂ ಬಿಟ್ಟುಕೊಟ್ಟ. ನಾನು ಅಲ್ಲೇ ಟವೆಲ್ ಮಡಿಸುತ್ತ ಕೂತಿದ್ದೆ. ಆಪರೇಷನ್ ಮುಗಿದಿತ್ತು. ಹೇಳಬಹುದಿತ್ತು. ಟವೆಲ್ ಮಡಿಸಿದೆ.

ಮಾರ್ಚ್ 9, ಭಾನುವಾರ

ತಲೆನೋವು. ಅರ್ಧ ತಲೆಯದು, ವಾಂತಿ ಬರುವಂಥದ್ದು. ಸೋಫಾದಲ್ಲಿ ಬಿದ್ದುಕೊಂಡಿದ್ದೆ. ಅತ್ತೆ ಗಾಬರಿಯಾಗಿ ಮಾತ್ರೆ ಎಲ್ಲಿ, ಮಾತ್ರೆ ಎಲ್ಲಿ ಅಂತ ಡಬ್ಬಿಗಳನ್ನೆಲ್ಲ ತಡಕುತ್ತಿದ್ದರು. ಕನ್ನಡಕ ಬಂದು ನನ್ನ ಬ್ಯಾಗಿನ ಒಳಜಿಪ್ ತೆಗೆದು, ಮಾತ್ರೆ ಮುರಿದು, "ಅರ್ಧ ಸಾಕು ಇವರಿಗೆ. ಪೂರ್ತಿ ಕೊಟ್ರೆ ಹೊಟ್ಟೆ ಉರಿಯತ್ತೆ" ಅಂದ. ಪರದೆ ಎಳೆದು ಹೋದ.

ಸಂಜೆಗೆ ಸರಿಹೋಯಿತು. ಇವತ್ತು ಹೇಳಲಿಲ್ಲ. ತಲೆನೋವಿತ್ತಲ್ಲ. ಕಾರಣ ಕೇಳಿದರೆ ನನ್ನ ಹತ್ತಿರ ಅಂಗಡಿಯೇ ಇದೆ.

ಮಾರ್ಚ್ 10, ಸೋಮವಾರ

ಅತ್ತೆ ಬೆಳಗ್ಗೆಯೇ ಅಂದರು, "ಊಟ ಮೇಲೇ ಮಾಡ್ಲಿ. ದಿನಾ ಕ್ಯಾರಿಯರ್ ಯಾರು ತೊಳೀತಾರೆ? ಮಲಗೋದೂ ಇಲ್ಲೇ ಸೋಫಾ ಮೇಲೆ ಮಲಗ್ಲಿ, ಕೆಳಗೆ ಸೊಳ್ಳೆ." ಡ್ರಾಪ್ಸ್ ಕೂಡ ಅವನೇ ಹಾಕಬೇಕಂತೆ. ನನ್ನ ಕೈ ನಡುಗುತ್ತದಂತೆ.



ಡ್ರಾಪ್ಸ್ ಹಾಕಿದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿರಬೇಕು. ಆ ಹತ್ತು ನಿಮಿಷ ಅತ್ತೆ ಅವನ ಜೊತೆ ಮಗನ ಮಾತಾಡಿದರು. ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದನಂತೆ, ಟೀಚರಮ್ಮನ ಮಗ! ನನ್ನ ಹತ್ತಿರ ಎಂಟು ವರ್ಷ ಫಸ್ಟ್ ಕ್ಲಾಸ್ ಅಂತ ಕೊಚ್ಚಿಕೊಂಡಿದ್ದ ಮಹಾರಾಯ. ಕನ್ನಡಕ ನಗುತ್ತ "ಆಮೇಲೆ ಅಮ್ಮ?" ಅನ್ನುತ್ತಿದ್ದ. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಹೊರಗೆ ಬರಲಿಲ್ಲ. ಇಬ್ಬರಿಗೂ ಮೋಸ ಮಾಡುತ್ತಿದ್ದೇನೆ, ಸತ್ತವನನ್ನೂ ಸೇರಿಸಿದರೆ ಮೂವರಿಗೆ.

ಮಾರ್ಚ್ 11, ಮಂಗಳವಾರ

ಅತ್ತೆ ಬೀರು ತೆಗೆದರು. ತಿಳಿನೀಲಿ ಶರ್ಟು, ನನ್ನ ಗಂಡನದು. ಕಾಲರಿನೊಳಗೆ ದೋಬಿಗೆಂದು ಅವರೇ ಹೊಲಿದ ಗುರುತಿನ ದಾರ ಇನ್ನೂ ಇದೆ.

"ಅವನನ್ನ ಕರಿ."

ಬಂದ. "ಹಾಕ್ಕೋಪ್ಪ. ಅಳತೆ ಸರಿಹೋಗತ್ತೆ."

ಅವನು ನನ್ನನ್ನು ನೋಡಿದ. ನಾನು ಶರ್ಟಿನ ಗುಂಡಿ ನೋಡಿದೆ. ಒಳಗೆ ಹೋಗಿ ಹಾಕಿಕೊಂಡು ಬಂದ. ತೋಳು ಒಂದಿಷ್ಟು ಉದ್ದ. ಅತ್ತೆ ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನಾದ್ರೂ ಹೇಳೋದಿದ್ಯೇನೇ?"

"ಇಲ್ಲ ಅತ್ತೆ. ಚೆನ್ನಾಗಿದೆ."

ಮೆಟ್ಟಿಲಿಳಿಯುವಾಗ ಅವನು ಅಂದ, "ಡ್ರೈವರಿಗೆ ಹಳೇ ಬಟ್ಟೆನೂ ಸಿಕ್ತು." ಈ ಸಲ ನಗಿಸಲು ನೋಡಲಿಲ್ಲ.

"ನಾಳೆ ಹೊರಡೋ ಮುಂಚೆ ಖಂಡಿತ ಹೇಳ್ತೀನಿ."

"ಹೇಳ್ಬೇಡ ಬಿಡು. ಅಭ್ಯಾಸ ಆಗೋಯ್ತು."

ಮಾರ್ಚ್ 12, ಬುಧವಾರ. ಗಡಿ, ಸಂಜೆ 5

ಹೇಳಲಿಲ್ಲ.

ಅತ್ತೆ ಗೇಟಿನಲ್ಲಿ ನಿಂತು ಕಾದರು. ಅವರು ಕಾಯುತ್ತಿದ್ದಾರೆ ಅನ್ನಿಸಿತು, ಯಾಕೆ ಅಂತ ಗೊತ್ತಾಗಲಿಲ್ಲ. ಕಾಲು ಮುಟ್ಟಿದೆ, ಗಾಡಿ ಹತ್ತಿದೆ. ಇನ್ನೂರು ಕಿಲೋಮೀಟರಿಗೆ ಅವನು ಆಡಿದ್ದು ಒಂದೇ ಮಾತು, "ಪೆಟ್ರೋಲ್ ಹಾಕಿಸ್ಬೇಕು."

ಗಡಿಯಲ್ಲಿ ನನಗೆ ಏನಾಯಿತೋ. "ಇಲ್ಲೇ ಇರು" ಅಂತ ಇಳಿದು ಹೋಗಿ ಆರನೇ ಕಿಟಕಿಯ ಸಾಲಿನಲ್ಲಿ ನಿಂತೆ, ಮರದ ಬುಡದಿಂದ. ಯಾಕೆ ಹೋಗುತ್ತಿದ್ದೇನೆ ಅಂತ ಅವನಿಗೆ ಹೇಳಲಿಲ್ಲ. ಮಾಡಿ ತೋರಿಸೋಣ ಅಂತ. ದೊಡ್ಡ ಸಾಹಸ! ಒಂದು ಗಂಟೆ ಐವತ್ತು ನಿಮಿಷ.

"ಹೋಗುವಾಗ ಚಾಲಕ ಅಂತ ಬರ್ದಿದ್ದೀರಲ್ಲ?"

"ತಪ್ಪು ಬರೆದೆ."

"ಮತ್ತೆ ಏನಾಗ್ಬೇಕು ಅವರು ನಿಮಗೆ?"

"ನಾನು ಮದುವೆಯಾಗಬೇಕು ಅಂತಿರೋರು" ಅಂದೆ. ಜೋರಾಗಿಯೇ. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. ನಗಲಿ. ಗುಮಾಸ್ತ 'ಚಾಲಕ' ಹೊಡೆದುಹಾಕಿ, 'ಇತರೆ' ಬರೆದು, ಸೀಲ್ ಒತ್ತಿದ. ಕಾಗದ ಹಿಡಿದು ಓಡಿದೆ.

ಗಾಡಿಯಲ್ಲಿ ಯಾರೂ ಇರಲಿಲ್ಲ. ಸೀಟಿನ ಮೇಲೆ ಆ ಶರ್ಟು, ಅಂಗಡಿಯಲ್ಲಿ ಮಡಿಸಿಡುವ ಹಾಗೆ ಕಾಲರ್ ಮೇಲೆ ಮಾಡಿ ಮಡಿಸಿಟ್ಟದ್ದು. ಅದರ ಮೇಲೆ ಕೀ.

ಗೇಟಿನ ಪೊಲೀಸಪ್ಪ ಹೇಳಿದ, "ನಿಮ್ಮ ಡ್ರೈವರ್ ಆಗ್ಲೇ ನಡ್ಕೊಂಡು ದಾಟಿದ್ರು ಮೇಡಂ. ಆಚೆ ಕಡೆ ಬಸ್ ಹತ್ತಿದ್ರು."

ಮಾರ್ಚ್ 21, ಶುಕ್ರವಾರ

ಫೋನ್ ಎತ್ತುವುದಿಲ್ಲ. ಮೆಸೇಜಿಗೆ ಒಂದೇ ಉತ್ತರ ಬಂದಿತ್ತು, ಹದಿನಾಲ್ಕನೇ ತಾರೀಕು—'ಕ್ಷೇಮವಾಗಿ ತಲುಪಿದೆ ಮೇಡಂ'. ಆ ಕೊನೆಯ ಪದ ಅಳಿಸಬಹುದಿತ್ತು ಅವನು.

ಅಂಗಡಿಯ ಮುಂದೆ ಮೂರು ಸಲ ಹಾದುಹೋದೆ. ಯಾರೋ ಮುದುಕರ ಮೂಗಿಗೆ ಫ್ರೇಮ್ ಕೂರಿಸುತ್ತಿದ್ದ. ಮೂರನೇ ಸಲ ನೋಡಿದ. ತಲೆ ತಗ್ಗಿಸಿ ಕೆಲಸ ಮುಂದುವರಿಸಿದ. ಒಳಗೆ ಗಿರಾಕಿಗಳಿದ್ದರು, ಹೋಗಲಿಲ್ಲ. ಅವರೆದುರು ನಾನು ಯಾರು ಅಂತ ಹೋಗಲಿ?

ಕೌಂಟರಿನಲ್ಲಿ ನಾಲ್ಕನೇ ಪ್ರಶ್ನೆ ಈಗ ಬಾಯಲ್ಲಿ ಕೇಳುವುದಿಲ್ಲ. ಫಾರಂ ಅವರ ಕಡೆ ತಿರುಗಿಸಿ ಪೆನ್ನು ಕೊಡುತ್ತೇನೆ.

ಮಾರ್ಚ್ 28, ಶುಕ್ರವಾರ. ಬೆಳಗ್ಗೆ 9.10

ಏಳು ಗಂಟೆಗೆ ಅತ್ತೆಯ ಫೋನ್. ಕಣ್ಣು ನಿಚ್ಚಳವಾಗಿದೆಯಂತೆ, ಎದುರುಮನೆಯ ಕ್ಯಾಲೆಂಡರಿನ ಅಂಕಿ ಕಾಣುತ್ತದಂತೆ. "ಡ್ರಾಪ್ಸ್ ನಿನ್ನೆಗೆ ಮುಗೀತು. ಅವನೇ ಹೇಳ್ದ, ಇನ್ನು ನಿಲ್ಸಿ ಅಮ್ಮ ಅಂತ."

"ಯಾರು?"

"ಇನ್ಯಾರು? ದಿನಾ ಫೋನ್ ಮಾಡ್ತಾನಲ್ಲ, ಹಾಕ್ಕೊಂಡ್ರಾ ಅಂತ. ನಿನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನಾನು ಒಂದು ದಿನವೂ ಡ್ರಾಪ್ಸ್ ಬಗ್ಗೆ ಕೇಳಿರಲಿಲ್ಲ.

"ಅತ್ತೆ, ಅವರು ಡ್ರೈವರ್ ಅಲ್ಲ."

ಆ ಕಡೆ ಲೋಟ ಕೆಳಗಿಟ್ಟ ಸದ್ದು.

"ಇಷ್ಟು ಹೇಳೋಕೆ ಮೂರು ವಾರ ಬೇಕಾಯ್ತಾ?" ಅಂದರು. "ನಿನಗೆ ತಲೆನೋವು ಬಂದ ದಿನಾನೇ ಗೊತ್ತಾಯ್ತು. ಮಾತ್ರೆ ಯಾವ ಜಿಪ್ಪಲ್ಲಿದೆ, ಅರ್ಧ ಸಾಕಾ ಪೂರ್ತಿ ಬೇಕಾ... ಯಾವ ಡ್ರೈವರಿಗೆ ಗೊತ್ತಿರತ್ತೆ? ನನ್ನ ಮಗನಿಗೇ ಗೊತ್ತಿರ್ಲಿಲ್ಲ."

ನಾನು ಅಳುತ್ತಿದ್ದೆ. ಅವರು ಬಿಡಲಿಲ್ಲ. ಟೀಚರು.

"ಮನೆಗೆ ಬಂದವನನ್ನ ಪೊರಕೆ ಇಡೋ ರೂಮಲ್ಲಿ ಮಲಗಿಸ್ದೆ ಕಣೇ ನಾನು. ಆ ತಪ್ಪಲ್ಲಿ ನನಗೂ ಪಾಲು ಕೊಟ್ಟೆ ನೀನು. ಬಾಯಿ ಬಿಡ್ತೀಯಾ, ಬಿಡ್ತೀಯಾ ಅಂತ ಕಾದೆ. ನಾನೇ ಕೇಳೋದು ಚೆನ್ನಾಗಿರಲ್ಲ. ಕೊನೇಗೆ ಶರ್ಟ್ ಕೊಟ್ಟೆ."

"ಶರ್ಟು..."

"ಆರು ವರ್ಷ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ ಅದನ್ನ. ಡ್ರೈವರಿಗೆ ಕೊಡ್ತೀನಾ?" ಆಮೇಲೆ ಮೆತ್ತಗೆ, "ಹಾಕ್ಕೊಳ್ತಾನಾ ಅವನು?"

ಹಾಕ್ಕೊಳ್ತಾರೆ ಅತ್ತೆ ಅಂದೆ. ಮತ್ತೊಂದು ಸುಳ್ಳು. ಶರ್ಟು ಹದಿನಾರು ದಿನದಿಂದ ಗಾಡಿಯ ಸೀಟಿನಲ್ಲೇ ಇತ್ತು, ಅವನು ಮಡಿಸಿಟ್ಟ ಹಾಗೇ. ಎತ್ತಿಡಲು ಧೈರ್ಯ ಇರಲಿಲ್ಲ.

ಇಸ್ತ್ರಿ ಮಾಡಿದೆ. ತೋಳು ಒಂದಿಂಚು ಒಳಗೆ ಮಡಿಸಿ ಹೊಲಿದೆ. ಕಾಲರಿನ ದಾರ ಹಾಗೇ ಬಿಟ್ಟೆ. ಕೆಲಸಕ್ಕೆ ರಜೆ ಹೇಳಿಯಾಯಿತು. ಅಂಗಡಿ ತೆಗೆಯುವುದು ಒಂಬತ್ತೂವರೆಗೆ, ನಡೆದರೆ ಹದಿನೈದು ನಿಮಿಷ. ಶುಕ್ರವಾರ, ತೆಗೆದ ಕೂಡಲೇ ಗಿರಾಕಿಗಳು ತುಂಬಿರುತ್ತಾರೆ. ಇರಲಿ. ಅವರೆಲ್ಲರ ಎದುರಿಗೇ. ಶರ್ಟು ಆಮೇಲೆ ಕೊಡುತ್ತೇನೆ, ಅತ್ತೆಯ ಮಾತೂ ಆಮೇಲೆ. ಮೊದಲು ನನ್ನದು. ಬಾಗಿಲಲ್ಲಿ ನಿಂತು, ಅವನು ತಲೆ ತಗ್ಗಿಸುವ ಮುಂಚೆ, ಇವರು ನನಗೆ... ಉಳಿದ ಪದ ಇಲ್ಲಿ ಬರೆಯುವುದಿಲ್ಲ, ಅಲ್ಲೇ ಹೇಳುತ್ತೇನೆ.