ಕೆಂಪು ಟ್ಯಾಗ್ ಇಲ್ಲದ ಕೀ

ಮಾರ್ಚ್ 4, ಬೆಳಿಗ್ಗೆ

ಹ್ಯಾಂಗರಿನಿಂದ ಐದೂ ವಿಮಾನ ಹೊರಗೆ. ತಾತ ಒಂದು ಕಡೆ, ನಾನು ಒಂದು ಕಡೆ, ಎಳೆದದ್ದೇ ಎಳೆದದ್ದು. ತರಬೇತಿಯ ಪುಟ್ಟ ವಿಮಾನ ಅಂತ ಹೆಸರಿಗೆ. ಭಾರ ಎಷ್ಟು ಅಂತ ನನ್ನ ಸೊಂಟವನ್ನು ಕೇಳಬೇಕು. ತಾತ ಯಾರ ತಾತನೂ ಅಲ್ಲ, ಮದುವೆಯೇ ಆಗಿಲ್ಲ. ಸದಾ ಗೊಣಗುತ್ತಾರೆ, ಅದಕ್ಕೇ ಆ ಹೆಸರು.

ಹೊಸ ವಿದ್ಯಾರ್ಥಿಗಳಿಗೆ ಪಾಠ ನನ್ನದು. "ಎಂಜಿನ್ ನಿಲ್ಲಿಸಿ, ಕೀ ಕಿತ್ತು, ಗಾಜಿನಿಂದ ನಮಗೆ ಕಾಣೋ ಹಾಗೆ ಡ್ಯಾಶ್‌ಬೋರ್ಡ್ ಮೇಲಿಡಿ. ಕೀಲಿರೋ ಕೆಂಪು ಟ್ಯಾಗ್ ಕಂಡ್ರೆ ಮಾತ್ರ ನಾವು ಪ್ರೊಪೆಲ್ಲರ್ ಹತ್ರ ಬರೋದು." ಕೀ ಹಾಕುವ ಸ್ವಿಚ್ ಆನ್ ಇದ್ದರೆ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ಆ ಗದ್ದಲದಲ್ಲಿ ಕೂಗಿದರೆ ಯಾರಿಗೆ ಕೇಳುತ್ತದೆ? ಕೀ ಕಂಡರೆ ಮಾತು ಕೊಟ್ಟ ಹಾಗೆ.

ಹಿಂದಿನಿಂದ ಭಾವ: "ಹುಷಾರು ಕಣ್ರಪ್ಪ, ನಮ್ಮ ನಾದಿನಿ ಗದರಿದ್ರೆ ವಿಮಾನಾನೂ ಹೆದರುತ್ತೆ." ಎಲ್ಲರೂ ನಕ್ಕರು. ಅಕ್ಕನ ಗಂಡ, ಈ ಫ್ಲೈಯಿಂಗ್ ಸ್ಕೂಲಿನ ಹಿರಿಯ ಇನ್‌ಸ್ಟ್ರಕ್ಟರ್. ಈ ಕೆಲಸ ಕೊಡಿಸಿದವರೂ ಅವರೇ.

ಮಾರ್ಚ್ 7

ಇವತ್ತಿನದನ್ನು ಬರೆಯಲೇಬೇಕು. ಅಕ್ಷರ ಸೊಟ್ಟ.

ಭಾವನ ವಿಮಾನ ಬಂದು ನಿಂತಿತ್ತು. ಭಾವ, ವಿದ್ಯಾರ್ಥಿ ಇಬ್ಬರೂ ಇಳಿದು ಆಫೀಸಿನ ಕಡೆ ಹೋಗಿದ್ದರು. ಡ್ಯಾಶ್‌ಬೋರ್ಡ್ ಮೇಲೆ ಕೀ, ಕೆಂಪು ಟ್ಯಾಗ್, ಎಲ್ಲ ಸರಿ. ಮುಂದಿನ ಚಕ್ರಕ್ಕೆ ಎಳೆಯುವ ಸಲಾಕೆ ಸಿಕ್ಕಿಸಲು ಪ್ರೊಪೆಲ್ಲರ್ ಅಡ್ಡ. ತಾತ ಅದನ್ನು ಸ್ವಲ್ಪ ತಿರುಗಿಸಿದರು...

ಧಡ್! ಎಂಜಿನ್ ಒಂದು ಸುತ್ತು ಹೊಡೆದು ಸತ್ತಿತು. ತಾತನ ತೋಳಿನ ಬಟ್ಟೆ ಹರಿಯಿತು. ಕೈ ಉಳಿಯಿತು, ಹೇಗೋ.

"ಸೀನಿತು ಕಣಮ್ಮ. ಎಂಜಿನ್‌ಗೆ ನೆಗಡಿ" ಎಂದು ನಕ್ಕರು. ಮುಖದಲ್ಲಿ ರಕ್ತವೇ ಇರಲಿಲ್ಲ.

ಒಳಗೆ ಇಣುಕಿದೆ. ಸ್ವಿಚ್ಚಿನಲ್ಲಿ ಇನ್ನೊಂದು ಕೀ! ಟ್ಯಾಗ್ ಇಲ್ಲ. ಸದ್ದಿಗೆ ಓಡಿ ಬಂದ ಭಾವ ಕೈ ಹಾಕಿ ಅದನ್ನು ತಿರುಗಿಸಿ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡರು. ನಾನು ನೋಡಿದೆ ಅಂತ ಅವರಿಗೆ ಗೊತ್ತು. ತಾತ ಆಚೆ ಕೂತು ನೀರು ಕುಡಿಯುತ್ತಿದ್ದರು.

ಮಾರ್ಚ್ 8

ವೈರಿಂಗ್ ದೋಷ ಇರಬೇಕು ಅಂತ ಭಾವ ವರದಿ ಕೊಟ್ಟಿದ್ದಾರೆ. ಮೆಕ್ಯಾನಿಕ್ ಬಿಚ್ಚಿ ನೋಡಿದ, ಏನೂ ಸಿಗಲಿಲ್ಲ. ಮ್ಯಾನೇಜರ್ ತಾತನನ್ನೇ ತರಾಟೆಗೆ ತಗೊಂಡರು. ಪ್ರೊಪೆಲ್ಲರ್ ಯಾಕೆ ಮುಟ್ಟಿದೆ ಅಂತ. ನಾನು ಪಕ್ಕದಲ್ಲೇ ಇದ್ದೆ. ಸಲಾಕೆ ಒರೆಸುತ್ತಾ ನಿಂತೆ.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಭಾವ ಬಾಲ್ಕನಿಗೆ ಕರೆದರು.

"ಹುಡುಗರು ಕೀ ಜೇಬಲ್ಲಿ ಹಾಕ್ಕೊಂಡು ಹೋಗ್ಬಿಡ್ತಾರೆ. ಕಾದು ಕಾದು ಸಾಕಾಗಿ ಡೂಪ್ಲಿಕೇಟ್ ಮಾಡಿಸ್ದೆ. ನಿನ್ನೆ ಆ ಹುಡುಗ ಹಾರೋಕೆ ಮುಂಚೆನೇ ತನ್ನ ಕೀನ ಮೇಲಿಟ್ಟಿದ್ದ. ನಾನು ನಂದ್ರಲ್ಲಿ ಸ್ಟಾರ್ಟ್ ಮಾಡ್ದೆ. ಇಳಿದ ಮೇಲೆ ಇಂಧನ ಕಟ್ ಮಾಡಿ ಎಂಜಿನ್ ನಿಲ್ಲಿಸ್ದೆ, ಸ್ವಿಚ್ ಆಫ್ ಮಾಡೋದು ಮರೆತೆ. ಒಂದೇ ಸಲ. ಬಿಸಾಕ್ಬಿಟ್ಟಿದೀನಿ. ಹೇಳಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ ಕಣೇ."

ಅಕ್ಕನಿಗೆ ಏನೂ ಗೊತ್ತಿಲ್ಲ. "ಯಾಕೆ, ನನ್ನ ಅಡುಗೆ ಸೇರಲ್ವಾ?" ಎಂದು ಇನ್ನೊಂದು ಸೌಟು ಬಡಿಸಿದಳು. ಹೇಳುವುದಿಲ್ಲ ಅಂತ ಭಾವನಿಗೆ ಮಾತು ಕೊಟ್ಟೆ.

ಮಾರ್ಚ್ 15

ಈಗ ಪ್ರತಿ ವಿಮಾನದ ಒಳಗೂ ಬಗ್ಗಿ ನೋಡುತ್ತೇನೆ. ತಾತನಿಗೆ ತಮಾಷೆ. "ಒಳಗೆ ನಿನಗೆ ಗಂಡೇನಾದ್ರೂ ಕೂತಿದಾನಾ, ಹಂಗೆ ಇಣುಕ್ತೀಯ?"

ಇವತ್ತು ಸಿಕ್ಕಿತು. ಭಾವನದಲ್ಲ, ಬೇರೆ ಇನ್‌ಸ್ಟ್ರಕ್ಟರ್ ವಿಮಾನ. ಮೇಲೆ ಕೆಂಪು ಟ್ಯಾಗ್, ಸ್ವಿಚ್ಚಿನಲ್ಲಿ ಬೋಳು ಕೀ. ತಾತನನ್ನು ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು.

ಭಾವನನ್ನು ಕೇಳಿದೆ. ನೆಲ ನೋಡುತ್ತಾ ಹೇಳಿದರು: "ಎಲ್ಲರ ಹತ್ರಾನೂ ಇದೆ. ಕೇಳಿದ್ರು, ನಾನೇ ಮಾಡಿಸ್ಕೊಟ್ಟೆ."

ಎಲ್ಲರ ಹತ್ತಿರವೂ!

ಮಾರ್ಚ್ 16

ಹೇಳಿಬಿಟ್ಟೆ.

ಸುರಕ್ಷತೆ ನೋಡಿಕೊಳ್ಳುವ ಮೇಡಂ ಎಲ್ಲ ಹಾರಾಟ ನಿಲ್ಲಿಸಿದರು. ಎಲ್ಲರ ಜೇಬಿನಿಂದ ಕೀಗಳು ಮೇಜಿನ ಮೇಲೆ ಬಿದ್ದವು. ಭಾವನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ, ವಿಚಾರಣೆ ಮುಗಿಯುವವರೆಗೆ. ನನ್ನ ಮುಂದೆಯೇ ಹಾದು ಹೋದರು. ಮುಖ ಎತ್ತಲಿಲ್ಲ.

ತಾತ ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದೆ. ಎಂಥ ದಡ್ಡಿ ನಾನು. ಅಂಗಿಯ ಹರಿದ ತೋಳನ್ನು ಹೊಲಿಸಿಕೊಂಡಿದ್ದರು. ಅದನ್ನೇ ನೋಡಿಕೊಳ್ಳುತ್ತಾ ಮೆಲ್ಲಗೆ, "ಅವತ್ತೇ ಗೊತ್ತಿತ್ತು ನಿನಗೆ. ಆಮೇಲೂ ದಿನಾ ನನ್ನ ಅದರ ಮುಂದೆ ನಿಲ್ಲಿಸ್ದೆ. ನನಗೆ ಒಬ್ಬನಿಗಾದ್ರೂ ಯಾಕಮ್ಮ ಹೇಳಲಿಲ್ಲ?"

ನಾನು ನೋಡಿಕೊಳ್ಳುತ್ತಿದ್ದೆ, ಇಣುಕುತ್ತಿದ್ದೆ ಅಂದೆ. ಎದ್ದು ಹೋದರು. ಇವತ್ತು ಗೊಣಗಲೂ ಇಲ್ಲ.

ಅದೇ ದಿನ, ಸಂಜೆ

ಅಕ್ಕ ಬಂದಿದ್ದಾಳೆ. ಬೆಲ್ ಒತ್ತುತ್ತಲೇ ಇದ್ದಾಳೆ. ಬೈಯಲಿ, ಹೊಡೆಯಲಿ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಬೈಯುತ್ತಿಲ್ಲ. ಬಾಗಿಲ ಆಚೆಯಿಂದ ಅಳುತ್ತಿದ್ದಾಳೆ.

"ಅವರು ತಪ್ಪು ಮಾಡಿದ್ರೆ ನಾನೇ ಕೈ ಹಿಡಿದು ಕರ್ಕೊಂಡು ಹೋಗಿ ಒಪ್ಪಿಸ್ತಿದ್ದೆ. ನನ್ನ ಮನೇಲೇ ಕೂತು ಉಂಡ್ಯಲ್ಲೇ. ನನಗ್ಯಾಕೆ ಹೇಳಲಿಲ್ಲ?"

ಇವಳೂ ಅದನ್ನೇ ಕೇಳುತ್ತಿದ್ದಾಳೆ. ಏಳಬೇಕು. ಬಾಗಿಲು ತೆಗೆದು ಅವಳ ಮುಖ ನೋಡಿ, ನಾನು ಹೆದರಿ ಬಾಯಿ ಮುಚ್ಚಿಕೊಂಡೆ ಅಂತ ಹೇಳಬೇಕು. ಪೆನ್ನು ಇಡುತ್ತೇನೆ.